ದಾನವೋ ಋಣವೋ

ಬಡವನ ಪಕ್ಷವನ್ನು ಶುಲ್ಕವಿಲ್ಲದೆ ವಾದಿಸುವ ವಕೀಲನನ್ನು ಲೋಕವು ದಾನಿಯೆಂದು ಕೊಂಡಾಡುವುದು. ಆದರೆ ಇದು ದಾನವೆ? ನ್ಯಾಯಾಸನದ ಮುಂದೆ ಪರರಿಗಾಗಿ ವಾದಿಸುವ ಅಧಿಕಾರವನ್ನು ಸಮಾಜವು ವಕೀಲರಿಗೆ ಮೀಸಲಿಟ್ಟಿದೆ. ಮೀಸಲನ್ನು ಪಡೆದವನು ಸಮಾಜಕ್ಕೆ ಋಣಿ.

ಆ ಅಧಿಕಾರವು ಸ್ತ್ರೀಯರಿಗೆ ಬಹುಕಾಲ ದೊರೆಯಲಿಲ್ಲ. ಬ್ರಿಟಿಷ್ ಭಾರತದಲ್ಲಿ 1923ರ ಶಾಸನವು ಆ ತಡೆಯನ್ನು ತೆಗೆಯಿತು. ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯೇ ಮುಗಿಯದೆ, ಕೆಲವರಂತೂ ವಿಧಿಸಬಹುದಾಗಿದ್ದ ಶಿಕ್ಷೆಗಿಂತಲೂ ಹೆಚ್ಚು ಕಾಲ ಕೊಳೆಯುತ್ತಿದ್ದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, 1979ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದವರು ಕಪಿಲಾ ಹಿಂಗೋರಾಣಿ ಎಂಬ ಮಹಿಳೆ. ನಿರ್ಗತಿಕನಿಗೆ ಉಚಿತ ಕಾನೂನು ನೆರವು ಕೃಪೆಯಲ್ಲ, ಹಕ್ಕು ಎಂದು ನ್ಯಾಯಾಲಯವು ಸಾರಿತು.

ಈ ವೃತ್ತಿಯೊಳಕ್ಕೆ ಎಲ್ಲ ಕುಲದವರೂ ಎಲ್ಲ ವರ್ಗದವರೂ ಬರಬೇಕೆಂಬುದಕ್ಕೆ ಕಾರಣವೂ ಇದೇ: ಒಬ್ಬರು ಕಾಣದ ನೋವನ್ನು ಇನ್ನೊಬ್ಬರು ಕಾಣುವರು. ದಾನವು ಕೊಡುವವನ ಇಚ್ಛೆ, ಋಣವು ಹಾಗಲ್ಲ.