ಗಾಯದ ಋಣವೂ ಸಂದೇಹದ ಭಾರವೂ

ದಾನವೂ ಋಣವೂ ಬೇರೆ ಬೇರೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ದಾನಿಯು ತನಗೆ ಮನಸ್ಸು ಬಂದಾಗ, ಮನಸ್ಸು ಬಂದಷ್ಟನ್ನು ಕೊಡುವನು; ಪಡೆದವನು ಕೃತಜ್ಞನಾಗಿರಬೇಕು. ಋಣದಲ್ಲಿ ಹಾಗಲ್ಲ. ಅಲ್ಲಿ ಸಂಕೋಚಪಡಬೇಕಾದವನು ಕೊಡತಕ್ಕವನೇ ಹೊರತು ಪಡೆಯತಕ್ಕವನಲ್ಲ. ಆದರೆ ಸಾಲಗಾರನು ಬಲಿಷ್ಠನೂ ಸಾಲ ಕೊಟ್ಟವನು ದುರ್ಬಲನೂ ಆಗಿದ್ದಲ್ಲಿ ಈ ಭೇದವು ಬಹುಬೇಗನೆ ಅಳಿಸಿಹೋಗುತ್ತದೆ. ಸೈನ್ಯದ ಸೇವೆಯಲ್ಲಿ ಅಂಗವನ್ನೋ ಆರೋಗ್ಯವನ್ನೋ ಕಳೆದುಕೊಂಡು ಮನೆಗೆ ಹಿಂದಿರುಗಿದ ಯೋಧನಿಗೂ ಅವನನ್ನು ಗಡಿಗೆ ಕಳುಹಿಸಿದ ನಾಡಿಗೂ ಇರುವ ಸಂಬಂಧವು ಈ ಬಗೆಯದು. ಅವನಿಗೆ ಸಲ್ಲತಕ್ಕ ಅಂಗವೈಕಲ್ಯದ ಪಿಂಚಣಿಯು ಋಣವೆಂದು ಎಲ್ಲರೂ ಒಪ್ಪುವರು. ಆದರೆ ಅದನ್ನು ಪಡೆಯುವ ದಾರಿಯು ಎಷ್ಟೋ ಸಲ ಭಿಕ್ಷೆಯ ದಾರಿಯಂತೆಯೇ ಇರುತ್ತದೆ. ಹೀಗಾಗುವುದು ಏಕೆ, ಇದರಲ್ಲಿ ಓದುಬರಹ ಬಲ್ಲ ಗೃಹಸ್ಥರ ಕರ್ತವ್ಯವೇನು ಎಂಬುದು ವಿಚಾರಯೋಗ್ಯವಾದ ವಿಷಯವು.

ಈ ಋಣದ ಭಾವನೆಯು ಹೊಸದೇನೂ ಅಲ್ಲ. ಸಭಾಪರ್ವದಲ್ಲಿ ನಾರದರು ಯುಧಿಷ್ಠಿರನನ್ನು ಕೇಳುವ ಪ್ರಶ್ನೆಗಳಲ್ಲಿ, ಅರಸನಿಗಾಗಿ ಮಡಿದವರ ಮತ್ತು ಸಂಕಟಕ್ಕೆ ಗುರಿಯಾದವರ ಸಂಸಾರಗಳು ಪೋಷಿತವಾಗುತ್ತಿವೆಯೇ ಎಂಬುದೂ ಒಂದು. ಕರ್ತವ್ಯದಲ್ಲಿ ಮೃತರಾದವರ ಹೆಂಡಿರು ಮಕ್ಕಳಿಗೆ ಅನ್ನವೇತನಗಳು ಸಲ್ಲತಕ್ಕವೆಂದು ಕೌಟಿಲ್ಯನು ವಿಧಿಸಿದ್ದಾನೆ. ಕನ್ನಡ ನಾಡಿನ ಶಾಸನಗಳಲ್ಲಿ ರಣದಲ್ಲಿ ಬಿದ್ದವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರು. ವೀರನ ಕತ್ತಿಯನ್ನು ತೊಳೆದು ಕೊಟ್ಟುದಕ್ಕೆ ಬಾಳ್ಗಚ್ಚು ಎಂದು ಹೆಸರು. ತಕ್ಕೋಲದ ಯುದ್ಧವನ್ನು ಹೇಳುವ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ, ಗಂಗರ ಬೂತುಗನು ಮಣಲೆರನಿಗೆ ಇಂತಹ ಕೊಡುಗೆಯನ್ನು ಕೊಟ್ಟ ಸಂಗತಿಯಿದೆ. ಈ ಹೆಸರುಗಳನ್ನು ಗಮನಿಸಬೇಕು. ಅವುಗಳಲ್ಲಿ ಕೊಟ್ಟವನ ಔದಾರ್ಯದ ಮಾತಿಲ್ಲ. ನೆತ್ತರಿನ ಮಾತೂ ಕತ್ತಿಯ ಮಾತೂ ಇವೆ. ಪಡೆದವನು ಮೊದಲೇ ಏನನ್ನೋ ಕೊಟ್ಟಿದ್ದಾನೆಂಬುದನ್ನು ಆ ಶಬ್ದಗಳೇ ಸಾರುತ್ತವೆ.

ಹಾಗಾದರೆ ಈಗ ತೊಡಕೆಲ್ಲಿ? ಋಣವುಂಟೆಂಬಲ್ಲಿ ವಿವಾದವಿಲ್ಲ, ಇಂಥವನಿಗೆ ಉಂಟೇ ಎಂಬಲ್ಲಿ ವಿವಾದ. ಹಿಂದೆ ಒಡೆಯನು ತನ್ನ ಕಣ್ಣೆದುರಿಗೆ ಕಾದಿದವನಿಗೆ ಕೊಡುತ್ತಿದ್ದನು. ಇಂದಿನ ಸೈನ್ಯವು ಲಕ್ಷಗಟ್ಟಲೆ ಜನರದು. ಗಾಯಗಳೂ ಗುಂಡಿನವು ಮಾತ್ರವಲ್ಲ. ಹಿಮದ ಠಾಣ್ಯಗಳಲ್ಲಿ ಕೆಟ್ಟ ಶ್ವಾಸಕೋಶ, ಫಿರಂಗಿಯ ಸದ್ದಿಗೆ ಮಂದವಾದ ಕಿವಿ, ವರ್ಷಗಟ್ಟಲೆ ನಿದ್ರೆಗೆಟ್ಟು ಕದಡಿದ ಮನಸ್ಸು, ಇವು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಸೈನಿಕನು ಸೇವೆಯನ್ನು ಬಿಡುವಾಗ ವೈದ್ಯಮಂಡಳಿಯು ಅವನನ್ನು ಪರೀಕ್ಷಿಸಿ, ವೈಕಲ್ಯವು ಸೇವೆಯಿಂದ ಉಂಟಾದುದೇ, ಸೇವೆಯಿಂದ ಉಲ್ಬಣಿಸಿದುದೇ, ಅದರ ಪ್ರಮಾಣವು ನೂರಕ್ಕೆ ಎಷ್ಟು ಎಂಬುದನ್ನು ಬರೆಯುತ್ತದೆ. ಎರಡೂ ಅಲ್ಲವೆಂದು ಅಲ್ಲಿ ಬರೆದುಬಿಟ್ಟರೆ, ಅಥವಾ ಪ್ರಮಾಣವು ನೂರಕ್ಕೆ 20ಕ್ಕಿಂತ ಕಡಿಮೆಯೆಂದು ಬರೆದರೆ, ಸಾಮಾನ್ಯವಾಗಿ ಪಿಂಚಣಿಯು ತಪ್ಪುತ್ತದೆ. ಒಂದು ಸಾಲಿನ ಬರಹವು ಒಂದು ಸಂಸಾರದ ಮುಂದಿನ ಮೂವತ್ತು ನಾಲ್ವತ್ತು ವರ್ಷಗಳನ್ನು ನಿರ್ಣಯಿಸುತ್ತದೆ.

ನಿಯಮದ ಅಕ್ಷರವನ್ನೇ ಹಿಡಿದರೆ ಏನಾಗುವುದೆಂಬುದಕ್ಕೆ ಸುಪ್ರೀಂ ಕೋರ್ಟು 1999ರಲ್ಲಿ ತೀರ್ಮಾನಿಸಿದ ಒಂದು ಮೊಕದ್ದಮೆಯು ನಿದರ್ಶನವು. ರಜೆಯ ಮೇಲೆ ಊರಿಗೆ ಹೊರಟ ಸೈನಿಕನೊಬ್ಬನು ರೈಲಿನ ಅಪಘಾತದಲ್ಲಿ ಕೈಯನ್ನು ಕಳೆದುಕೊಂಡನು. ಸರ್ಕಾರದ ವೆಚ್ಚದಲ್ಲಿ ಪ್ರಯಾಣ ಮಾಡುವವನು ಮಾತ್ರ ಕರ್ತವ್ಯದಲ್ಲಿರುವನೆಂದು ನಿಯಮವಿದೆ, ಇವನು ಸ್ವಂತ ಹಣದಿಂದ ಹೊರಟವನು, ಆದುದರಿಂದ ಪಿಂಚಣಿಯಿಲ್ಲವೆಂದು ಅಧಿಕಾರಿಗಳು ಹೇಳಿದರು. ಸರ್ಕಾರಕ್ಕೆ ವೆಚ್ಚವನ್ನು ಉಳಿಸಿದುದೇ ಅವನ ಅಪರಾಧವಾದಂತಾಯಿತು! ಹಿತಕ್ಕಾಗಿ ಮಾಡಿದ ನಿಯಮವನ್ನು ಅದರ ಉದ್ದೇಶವು ಕೆಡುವಂತೆ ಅರ್ಥಮಾಡಬಾರದೆಂದು ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು.

ಆದರೆ ಇದಕ್ಕಿಂತಲೂ ಆಳವಾದ ಪ್ರಶ್ನೆಯೊಂದುಂಟು. ವೈಕಲ್ಯದ ಕಾರಣವು ನಿಶ್ಚಯವಾಗಿ ತಿಳಿಯದಿದ್ದಾಗ ಸಂದೇಹದ ಭಾರವನ್ನು ಯಾರು ಹೊರಬೇಕು? ಸೈನಿಕನೇ ರುಜುವಾತು ಮಾಡಲಿ ಎನ್ನುವುದು ಮೇಲುನೋಟಕ್ಕೆ ನ್ಯಾಯವಾಗಿ ತೋರುವುದು. ಬೇಡುವವನೇ ಸಾಕ್ಷ್ಯ ತರಬೇಕೆಂಬುದು ವ್ಯವಹಾರದ ರೂಢಿಯಷ್ಟೆ. ಆದರೆ ಇಲ್ಲಿ ಸಾಕ್ಷ್ಯವೆಲ್ಲವೂ ಯಾರ ಕೈಯಲ್ಲಿದೆ? ಸೇರುವಾಗ ಅವನ ದೇಹವನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸಿ, ಆರೋಗ್ಯವಂತನೆಂದು ಬರೆದು, ತೆಗೆದುಕೊಂಡವರು ಸೈನ್ಯದವರು. ಎಲ್ಲಿಗೆ ಕಳುಹಿಸಬೇಕು, ಎಷ್ಟು ಕಾಲ ನಿಲ್ಲಿಸಬೇಕೆಂಬುದನ್ನು ಗೊತ್ತುಮಾಡಿದವರೂ ಅವರೇ. ಚಿಕಿತ್ಸೆಯ ದಾಖಲೆಗಳನ್ನು ಇಟ್ಟುಕೊಂಡವರೂ ಅವರೇ. ಆಜ್ಞೆಯಂತೆ ನಡೆದವನ ಬಳಿ ಇರುವುದು ಕೆಟ್ಟ ದೇಹವೊಂದೇ. 2013ರಲ್ಲಿ ಧರಮ್‌ವೀರ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರ ನಿಯಮಗಳನ್ನು ವಿವರಿಸುತ್ತ ಈ ತತ್ತ್ವವನ್ನೇ ಎತ್ತಿಹಿಡಿಯಿತು. ಸೇರುವಾಗ ರೋಗವಿತ್ತೆಂದು ಬರೆದಿಡದಿದ್ದರೆ ಅವನು ಆರೋಗ್ಯದಿಂದಿದ್ದನೆಂದೇ ಭಾವಿಸಬೇಕು. ಬಳಿಕ ಆರೋಗ್ಯವು ಕೆಟ್ಟರೆ ಸೇವೆಯಿಂದಲೇ ಕೆಟ್ಟಿತೆಂದು ಭಾವಿಸಬೇಕು. ಅಲ್ಲವೆನ್ನುವವರು ಕಾರಣವನ್ನು ಕೊಡಬೇಕು. ಸಂದೇಹದ ಪ್ರಯೋಜನವು ಸೈನಿಕನಿಗೆ ಸಲ್ಲಬೇಕು.

ಅಮೆರಿಕಾ ದೇಶದವರೂ ಬಹುಕಾಲದ ಕಲಹದ ನಂತರ ಇಲ್ಲಿಗೇ ಬಂದರು. ವಿಯಟ್ನಾಮಿನ ಕಾಡುಗಳ ಮೇಲೆ ಎರಚಿದ ಏಜೆಂಟ್ ಆರೆಂಜ್ ಎಂಬ ವಿಷದ್ರವವು ತಮಗೆ ತಗುಲಿತೆಂಬುದನ್ನು ಒಬ್ಬೊಬ್ಬ ಸೈನಿಕನೂ ರುಜುಪಡಿಸುವುದು ಹೇಗೆ? 1991ರ ಶಾಸನವು, ಆ ನೆಲದಲ್ಲಿ ಸೇವೆಮಾಡಿದವನಿಗೆ ಗೊತ್ತುಪಡಿಸಿದ ರೋಗಗಳಲ್ಲೊಂದು ಬಂದರೆ ಅದು ಸೇವೆಯ ಫಲವೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಯುದ್ಧವು ಮುಗಿದುದು 1975ರಲ್ಲಿ. ನಡುವಣ ಹದಿನಾರು ವರ್ಷಗಳಲ್ಲಿ ಸಂದೇಹದ ಭಾರವನ್ನು ಹೊತ್ತವರು ರೋಗಿಗಳು.

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟುವುದು. ಸಂದೇಹವನ್ನೆಲ್ಲ ಸೈನಿಕನ ಕಡೆಗೆ ಬಿಟ್ಟುಕೊಟ್ಟರೆ ಕಪಟಿಗಳಿಗೆ ಬಾಗಿಲು ತೆರೆದಂತಾಗದೆ? ಈ ಆಕ್ಷೇಪವು ಹಳೆಯದು. ಯುದ್ಧದಲ್ಲಿ ಅಂಗಹೀನರಾದವರನ್ನು ಸರ್ಕಾರವು ಸಾಕಬೇಕೆಂಬ ಕಟ್ಟಳೆಯು ಅಥೆನ್ಸಿನಲ್ಲಿ ಪೈಸಿಸ್ಟ್ರಾಟಸನ ಕಾಲದಲ್ಲಿ ಹುಟ್ಟಿತೆಂದು ಪ್ಲೂಟಾರ್ಕನು ಹೇಳುತ್ತಾನೆ. ಮುಂದೆ ಅಂಗವಿಕಲರಾದ ಬಡವರಿಗೆಲ್ಲ ಅಲ್ಲಿ ದಿನಕ್ಕೊಂದು ಒಬೋಲು ದೊರೆಯುತ್ತಿತ್ತು. ಆ ನಾಣ್ಯಕ್ಕಾಗಿ ಕುಂಟನೊಬ್ಬನು ಸಭೆಯ ಮುಂದೆ ಮಾಡಿದ ವಾದವು ಲಿಸಿಯಾಸನ ಹೆಸರಿನಲ್ಲಿ ಉಳಿದುಬಂದಿದೆ. ಇವನು ಕುದುರೆ ಸವಾರಿ ಮಾಡುತ್ತಾನೆ, ಆದುದರಿಂದ ಅಶಕ್ತನಲ್ಲವೆಂಬುದು ಎದುರಾಳಿಯ ದೂರು. ಕಾಲಿಲ್ಲದುದರಿಂದಲೇ ದೂರದ ದಾರಿಗೆ ಎರವಿನ ಕುದುರೆ ಬೇಕಾಯಿತೆಂಬುದು ಇವನ ಉತ್ತರ. ಅವನ ಸವಾರಿಯನ್ನು ನೋಡಿದವರಿದ್ದರು. ಸವಾರಿಗೆ ಕಾರಣವೇನೆಂದು ಕೇಳಿದವರಿರಲಿಲ್ಲ.

ನಮ್ಮಲ್ಲಿಯೂ ಈ ಶಂಕೆಯು ನಿರಾಧಾರವೆನ್ನುವಂತಿಲ್ಲ. ರಕ್ತದೊತ್ತಡ, ಮಧುಮೇಹ ಮೊದಲಾದ ರೋಗಗಳಿಗಾಗಿ ಸೇನಾಧಿಕಾರಿಗಳು ಪಡೆಯುವ ವೈಕಲ್ಯದ ಪಿಂಚಣಿಯನ್ನು ಕುರಿತು 2023ರಲ್ಲಿ ಮಹಾಲೇಖಪಾಲರ ವರದಿಯು ಪ್ರಶ್ನೆಯೆತ್ತಿತು. ಅದೇ ವರ್ಷದ ಸೆಪ್ಟೆಂಬರ್ 21ರಿಂದ ಮುಂದೆ ನಿವೃತ್ತರಾಗುವವರಿಗೆ ಹೊಸ ನಿಯಮಗಳು ಬಂದವು. ಬೊಕ್ಕಸವು ಪ್ರಜೆಗಳೆಲ್ಲರದು, ಅದನ್ನು ಕಾಯುವುದೂ ಧರ್ಮವೇ. ಆದರೆ ಎರಡು ಬಗೆಯ ತಪ್ಪುಗಳನ್ನು ತೂಗಿ ನೋಡಬೇಕು. ಅನರ್ಹನಿಗೆ ಕೊಟ್ಟರೆ ನಷ್ಟವು ಕೋಟಿ ಜನರಲ್ಲಿ ಹಂಚಿಹೋಗುತ್ತದೆ. ಅರ್ಹನಿಗೆ ತಪ್ಪಿಸಿದರೆ ನಷ್ಟವು ಒಂದೇ ಮನೆಯ ಮೇಲೆ ಬೀಳುತ್ತದೆ. ಮೊದಲನೆಯದನ್ನು ಪರೀಕ್ಷೆಯಿಂದ ತಿದ್ದಬಹುದು. ಎರಡನೆಯದನ್ನು ತಿದ್ದುವ ಹೊತ್ತಿಗೆ ಮನುಷ್ಯನೇ ಇಲ್ಲದೆ ಹೋಗಬಹುದು. ಕಪಟಿಯನ್ನು ಹುಡುಕುವ ಕೆಲಸವು ಆಗಲಿ. ಅದರ ವೆಚ್ಚವನ್ನು ಪ್ರಾಮಾಣಿಕನಿಂದ ವಸೂಲು ಮಾಡಬಾರದು.

ಇನ್ನು ನೆರವಾಗುವವನ ಧರ್ಮವನ್ನು ನೋಡೋಣ. ಈ ನೆರವು ಪರೋಪಕಾರವೆಂದು ಭಾವಿಸುವುದು ತಪ್ಪೆಂದು ನನ್ನ ಅಭಿಪ್ರಾಯ. ನಾಡಿನ ಋಣವೆಂದರೆ ನಮ್ಮೆಲ್ಲರ ಋಣ. ಅದರಲ್ಲಿ ನಮ್ಮ ಪಾಲನ್ನು ನಾವು ತೀರಿಸುತ್ತಿದ್ದೇವೆ, ಅಷ್ಟೆ. ಆದುದರಿಂದ ಅವನ ಪಿಂಚಣಿಯಲ್ಲಿ ಪಾಲು ಕೇಳುವುದು ಹೇಯವು. ಈ ಲೋಭವನ್ನು ಶಾಸನಕರ್ತರು ಹಿಂದೆಯೇ ಬಲ್ಲವರಾಗಿದ್ದರು. ಅಮೆರಿಕಾದಲ್ಲಿ ಅಂತರ್ಯುದ್ಧದ ಕಾಲಕ್ಕೆ, 1864ರಲ್ಲಿ, ಸೈನಿಕರ ಅರ್ಜಿಗಳನ್ನು ನಡೆಸುವವರು ಹತ್ತು ಡಾಲರಿಗಿಂತ ಹೆಚ್ಚು ಕೇಳಕೂಡದೆಂದು ಕಟ್ಟುಮಾಡಿದರು. ಅದು 1988ರವರೆಗೂ ನಡೆಯಿತು. ಆದರೆ ಕೂಲಿಯು ಅಷ್ಟು ಅಲ್ಪವಾದುದರಿಂದ ಕಷ್ಟದ ಮೊಕದ್ದಮೆಗಳಿಗೆ ಒಳ್ಳೆಯ ವಕೀಲರು ಸಿಗದೆಹೋದರೆಂಬ ದೂರೂ ಎದ್ದಿತು. ರಕ್ಷಣೆಯೇ ಬೇಲಿಯಾಗಿ ರಕ್ಷಿತನನ್ನು ಹೊರಗಿಡದಂತೆ ನೋಡಿಕೊಳ್ಳಬೇಕು. ನಮ್ಮ ದೇಶದ 1871ರ ಪಿಂಚಣಿ ಶಾಸನದ ಪ್ರಕಾರ ಸಾಲಗಾರರು ಕೋರ್ಟಿನ ಮೂಲಕ ಸರ್ಕಾರಿ ಪಿಂಚಣಿಯನ್ನು ಜಪ್ತಿ ಮಾಡಿಸುವಂತಿಲ್ಲ. ಮುಂದೆ ಬರತಕ್ಕ ಪಿಂಚಣಿಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟರೂ ಆ ಪತ್ರವು ಅಸಿಂಧು. ಹಣದ ಅಡಚಣೆಯಲ್ಲಿ ಅಂತಹ ಪತ್ರಕ್ಕೆ ರುಜು ಹಾಕಿ ಹೆದರಿ ಕುಳಿತಿರುವ ಮುದುಕನಿಗೆ ಈ ಒಂದು ಮಾತನ್ನು ತಿಳಿಸುವುದೂ ನೆರವೇ.

ನೆರವಾಗುವವನು ಸುಳ್ಳನ್ನು ಬರೆಯಕೂಡದು. ನೋವನ್ನು ಹಿಗ್ಗಿಸಿ ಬರೆದರೆ ಒಬ್ಬನಿಗೆ ಲಾಭವಾದೀತು. ಅವನ ಹಿಂದೆ ಬರುವ ನೂರು ಜನರ ಮೇಲೆ ಸಂಶಯವು ಹೆಚ್ಚೀತು. ಆದರೆ ಸೈನಿಕರಲ್ಲಿ ಇದಕ್ಕೆ ವಿಪರೀತವಾದ ದೋಷವೂ ಕಾಣಬರುತ್ತದೆ. ನೋವನ್ನು ಹೇಳಿಕೊಳ್ಳಬಾರದೆಂಬುದೇ ಅವರ ಶಿಕ್ಷಣ. ವೈದ್ಯರು ಕೇಳಿದಾಗ ಏನೂ ಇಲ್ಲವೆನ್ನುವರು. ಮನಸ್ಸಿನ ಕ್ಲೇಶವನ್ನಂತೂ ಹೆಂಡತಿಗೂ ಹೇಳರು. ಇರುವುದನ್ನು ಇರುವಷ್ಟೇ ಹೇಳಿಸುವುದು ನೆರವಾಗುವವನ ಮೊದಲ ಕೆಲಸ. ಎರಡನೆಯದು ಕಾಗದಗಳನ್ನು ಕೂಡಿಸುವುದು: ಬಿಡುಗಡೆಯ ಪುಸ್ತಕ, ವೈದ್ಯಮಂಡಳಿಯ ವರದಿಯ ಪ್ರತಿ, ಆಸ್ಪತ್ರೆಯ ಚೀಟಿಗಳು. ಮೂರನೆಯದು ಗಡುವನ್ನು ನೋಡುವುದು. ನಿರಾಕರಣೆಯ ಪತ್ರವು ಬಂದರೆ ಅದೇ ಕೊನೆಯ ಮಾತಲ್ಲ; ಮೇಲ್ಮನವಿಯುಂಟು, ಅದರ ಮೇಲೆ 2007ರ ಶಾಸನದಿಂದ ಏರ್ಪಟ್ಟ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯುಂಟು. ಪಿಂಚಣಿಯು ಬಂದ ಮೇಲೆಯೂ ವರ್ಷಕ್ಕೊಮ್ಮೆ ಬದುಕಿದ್ದೇನೆಂಬ ಪ್ರಮಾಣಪತ್ರವನ್ನು ಒಪ್ಪಿಸದಿದ್ದರೆ ಹಣವು ನಿಲ್ಲುತ್ತದೆ. ಬೆರಳಿನ ಗುರುತು ಯಂತ್ರಕ್ಕೆ ಹತ್ತದ ವೃದ್ಧರಿಗೆ ಇದೂ ಒಂದು ಪ್ರಯಾಸವೇ.

ಕೊಡಗಿನ ಕಾರ್ಯಪ್ಪನವರು ಸೇನೆಯ ಅತ್ಯುನ್ನತ ಪದವಿಯಿಂದ ನಿವೃತ್ತರಾದ ಮೇಲೆ, 1964ರಲ್ಲಿ, ಮಾಜಿ ಸೈನಿಕರ ಸಂಘವನ್ನು ಕಟ್ಟಲು ಮುಂದಾದರು. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣದ ಕಚೇರಿಗಳೂ ಇವೆ. ಆದರೆ ಕಚೇರಿಯ ಬಾಗಿಲವರೆಗೆ ಕರೆದೊಯ್ಯುವವರು, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬಂದ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವವರು, ನೆರೆಹೊರೆಯಲ್ಲಿಯೇ ಇರಬೇಕಾಗುತ್ತದೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅದಕ್ಕೆ ಬೇಕಾದ ವಿದ್ಯೆಯುಂಟು, ವಾರಕ್ಕೊಂದು ಸಂಜೆಯ ಬಿಡುವೂ ಉಂಟು. ತಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದರೆ, ಅವರು ಕೇಳಲೆಂದು ಕಾಯದೆ, ನಾವೇ ಹೋಗಿ ಆ ಕಾಗದಗಳನ್ನು ಒಮ್ಮೆ ತೋರಿಸಬಹುದೇ ಎಂದು ವಿಚಾರಿಸುವುದು ಯುಕ್ತವು. ಸಾಲ ಕೊಟ್ಟವನೇ ಸಾಲಗಾರನ ಮನೆಗೆ ಅಲೆಯುವಂತೆ ಮಾಡುವುದು ಯಾವ ಕಾಲಕ್ಕೂ ಮರ್ಯಾದೆಯಲ್ಲ.