ಮೊಳಕೆ ನೋಡಲು ಹೋದವರು

ಬೇಸಿಗೆ ರಜೆ ಬಂತೆಂದರೆ ಏಕಸಂಬಿಯಿಂದ ಚಿಕ್ಕೋಡಿಗೆ ಹೋಗುವ ದಾರಿಯಲ್ಲಿ ಯಾವುದಾದರೊಂದು ಫ್ಲೆಕ್ಸಿನ ಮೇಲೆ ಈ ಗಾದೆ ಇದ್ದೇ ಇರುತ್ತದೆ: ಬೆಳೆಯುವ ಸಿರಿ ಮೊಳಕೆಯಲ್ಲಿ. ಕೆಳಗೆ ಒಂಬತ್ತು ಹತ್ತು ವರ್ಷದ ಹುಡುಗ, ಕೊರಳಲ್ಲಿ ಪದಕ. ಸುತ್ತ ಶುಭ ಕೋರುವವರ ಮುಖಗಳು ಹುಡುಗನ ಮುಖಕ್ಕಿಂತ ದೊಡ್ಡವು. 2014ರಲ್ಲಿ ಪ್ರೊ ಕಬಡ್ಡಿ ಶುರುವಾಗಿ ಹರಾಜಿನ ಮೊತ್ತಗಳು ಟಿವಿಯಲ್ಲಿ ಕಾಣಿಸಿಕೊಂಡ ಮೇಲೆ, ಆಟ ಆಡಿದರೆ ಹೊಟ್ಟೆ ತುಂಬತದೇನೋ ಎಂದು ಗದರುತ್ತಿದ್ದ ಅಪ್ಪಂದಿರೇ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಯ್ಕೆ ಶಿಬಿರಗಳಿಗೆ ಅಲೆಯುತ್ತಿದ್ದಾರೆ. ಅಲ್ಲಿ ಎತ್ತರ ಅಳೆಯುತ್ತಾರೆ, ಓಡಿಸುತ್ತಾರೆ, ಜಿಗಿಸುತ್ತಾರೆ, ಸಂಜೆಗೆ ಪಟ್ಟಿ ಅಂಟಿಸುತ್ತಾರೆ. ಹೆಸರು ಬಾರದ ಹುಡುಗನಿಗೆ ಹೇಳುವ ಸಮಾಧಾನದಲ್ಲೂ ಇದೇ ಗಾದೆ ಅಡಗಿರುತ್ತದೆ. ಮೊಳಕೆಯಲ್ಲೇ ಕಾಣಲಿಲ್ಲ ಅಂದಮೇಲೆ ಇನ್ನೇನು, ಓದಿಕೋ ಹೋಗು.

ಗಾದೆಯನ್ನು ಹೀಗೆ ಭವಿಷ್ಯ ಹೇಳುವ ಪಂಚಾಂಗ ಮಾಡಿದವರು ಯಾರೋ ಗೊತ್ತಿಲ್ಲ, ಹೊಲ ಮಾಡಿದವರಂತೂ ಇರಲಾರರು. ಹಣೆಬರಹದ ಮಾತು ಇದು ಎನ್ನುವ ಅರ್ಥ ನನಗೆ ಒಂದು ಗಳಿಗೆಯೂ ಒಪ್ಪಿಗೆಯಾಗಿಲ್ಲ. ಹಣೆಬರಹವೇ ಆಗಿದ್ದರೆ ಮೊಳಕೆ ನೋಡಲು ಯಾರೂ ಬಿಸಿಲಲ್ಲಿ ಹೊಲಕ್ಕೆ ಹೋಗಬೇಕಿರಲಿಲ್ಲ, ಮನೆಯಲ್ಲೇ ಕೂತು ಸುಗ್ಗಿಗೆ ಕಾಯಬಹುದಿತ್ತು. ಇನ್ನು ಕೆಲವು ಮೇಷ್ಟ್ರುಗಳು ಇದನ್ನು ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದಕ್ಕೆ ಜೋಡಿ ಮಾಡಿ ಶಿಸ್ತಿನ ಪಾಠ ಹೇಳುತ್ತಾರೆ. ಆ ಗಾದೆಗೆ ಅದರದೇ ಕೆಲಸವಿದೆ, ಇದರ ಹೆಗಲ ಮೇಲೆ ಅದನ್ನು ಹೊರಿಸುವುದು ಬೇಡ.

ನಮ್ಮ ಭಾಗದ ಕಬ್ಬಿನ ಹೊಲವನ್ನೇ ನೋಡಿ. ಬೀಜದ ತುಂಡು ಊರಿ ನೀರು ಬಿಟ್ಟು ಮೂರು ನಾಲ್ಕು ವಾರವಾದ ಮೇಲೆ ರೈತ ಸಾಲು ಸಾಲು ತಿರುಗುತ್ತಾನೆ. ಚೆನ್ನಾಗಿ ಬಂದ ಮೊಳಕೆಯ ಮುಂದೆ ಅವನು ನಿಲ್ಲುವುದೇ ಇಲ್ಲ. ಅವನು ನಿಲ್ಲುವುದು, ಬಗ್ಗಿ ಮಣ್ಣು ಕೆದರಿ ನೋಡುವುದು ಏನೂ ಬಾರದ ಜಾಗದಲ್ಲಿ. ಕಣ್ಣು ಕೊಳೆತಿದೆಯೇ, ಗೆದ್ದಲು ಹಿಡಿದಿದೆಯೇ, ನೀರು ಅಲ್ಲಿಗೆ ಹತ್ತಿಲ್ಲವೇ? ಆಮೇಲೆ ಅಲ್ಲಿ ಬೇರೆ ಸಸಿ ತಂದು ಹಚ್ಚುತ್ತಾನೆ. ನಮ್ಮ ಕಾಕಾ ಹೇಳುತ್ತಿದ್ದುದು ಇಷ್ಟೇ: “ಈಗ ನೋಡಿದ್ರ ಏನರೆ ಮಾಡಾಕ ಬರ್ತೈತಿ. ಕಡಿಯೂ ಹೊತ್ತಿಗೆ ನೋಡಿದ್ರ ಬರೇ ಲೆಕ್ಕ ಹಾಕೂದು.” ಗಾದೆಯ ತಿರುಳೂ ನನ್ನ ಮಟ್ಟಿಗೆ ಅದೇ. ಕೈಮೀರುವ ಮೊದಲು ಹೊಲಕ್ಕೆ ಹೋಗು ಎಂದು ಅದು ನೋಡುವವನಿಗೆ ಕೆಲಸ ಹಚ್ಚುತ್ತದೆ, ಮೊಳಕೆಗೆ ಅಂಕ ಕೊಡುವುದಿಲ್ಲ.

ಜೋಳದ ಹೊಲದಲ್ಲಿ ಹೆಚ್ಚಾದ ಸಸಿ ಕಿತ್ತು ಎಸೆಯುವುದಿಲ್ಲವೇ ಎಂದು ಜಾಣರು ಕೇಳಬಹುದು. ಕೀಳುತ್ತೇವೆ, ಒತ್ತಾಗಿ ಬಿತ್ತಿದಾಗ. ನಮ್ಮ ತಾಲೂಕುಗಳ ಆಟದ ಮೈದಾನಗಳಲ್ಲಿ ಬಿತ್ತನೆ ಯಾವಾಗ ಅಷ್ಟು ಒತ್ತಾಗಿತ್ತು?

ನಮ್ಮ ಬೆಳಗಾವಿ ಕಡೆಯ ಒಬ್ಬ ಹುಡುಗನ ಕಥೆ ಇದೆ. ಫಡೆಪ್ಪ ದಾರೆಪ್ಪ ಚೌಗುಲೆ. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿ ಹೋಗಿದ್ದರು. ಓಡಿದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು, ಬರಿಗಾಲು. ಓಟದ ನಿಯಮವಾಗಲಿ ತರಬೇತಿಯಾಗಲಿ ಅವರಿಗೆ ಗೊತ್ತಿರಲಿಲ್ಲ. ಆದರೂ ಕೆಲವರ ವೇಳೆ ಯುರೋಪಿನವರ ವೇಳೆಗೆ ಹತ್ತಿರವಿದ್ದದ್ದು ಟಾಟಾರ ಕಣ್ಣಿಗೆ ಬಿತ್ತು. ಇವರನ್ನು ಒಲಿಂಪಿಕ್ಸಿಗೆ ಕಳಿಸಬೇಕು ಎಂದು ಅವರು ಹಟ ಹಿಡಿದರು, ಖರ್ಚಿಗೆ ತಮ್ಮ ಕೈಯಿಂದಲೂ ಹಣ ಹಾಕಿದರು. 1920ರ ಆಗಸ್ಟ್ 22ರಂದು ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಚೌಗುಲೆ ಮ್ಯಾರಥಾನ್ ಓಡಿದರು. ಆ ವರ್ಷದ ದೂರ 42.75 ಕಿಲೋಮೀಟರ್, ಒಲಿಂಪಿಕ್ಸ್ ಮ್ಯಾರಥಾನ್‌ಗಳಲ್ಲೇ ಅತಿ ಉದ್ದದ್ದು. ಗೆದ್ದವರು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್. ನಮ್ಮ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಜೊತೆಗೆ ಹೋದ ಸದಾಶಿವ ದಾತಾರರಿಗೆ ಓಟ ಮುಗಿಸಲು ಆಗಲಿಲ್ಲ.

ಆಮೇಲೆ? 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಭಾರತ ತಂಡದಲ್ಲಿ ಚೌಗುಲೆ ಇಲ್ಲ. ಅವರ ಒಲಿಂಪಿಕ್ಸ್ ಬಾಳು ಅಂದರೆ ಆ ಆಂಟ್ವರ್ಪ್ ಒಂದೇ. ಹದಿಹರೆಯ ಆಗಷ್ಟೇ ಮುಗಿಯುತ್ತಿದ್ದ ಓಟಗಾರನಿಗೆ ಹತ್ತೊಂಬತ್ತನೆಯ ಸ್ಥಾನ ಮೊಳಕೆಯಲ್ಲದೆ ಮತ್ತೇನು? ಅದನ್ನು ನೋಡುವ ಕಣ್ಣು ಒಬ್ಬರಿಗಿತ್ತು. ನೋಡಿದ ಮೇಲೆ ವರ್ಷವಿಡೀ ನೀರು ಹಾಯಿಸಲು ಮೈದಾನ, ಕೋಚು, ಊಟ, ಯಾವುದೂ ಇರಲಿಲ್ಲ.

ಎಪ್ಪತ್ತು ವರ್ಷದ ನಂತರ ಅದೇ ಟಾಟಾ ಹೆಸರು ಇನ್ನೊಬ್ಬ ಕನ್ನಡನಾಡಿನ ಹುಡುಗನ ಬಾಳಿನಲ್ಲಿ ಬಂತು. ಕಾರ್ಲ್‌ಟನ್ ಚಾಪ್‌ಮನ್ 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಮೊದಲು ಅಲ್ಲಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಕಲಿತು, ಸದರ್ನ್ ಬ್ಲೂಸ್ ಕ್ಲಬ್ಬಿಗೆ ಆಡಿ, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಅಕಾಡೆಮಿಯೇ ಆಗ ಎಳೆಯದು, 1987ರದ್ದು. ಇಡೀ ಮೂರು ವರ್ಷ ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಚೆಂಡು. 1993ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ಸೇರಿದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಮೂರು ಗೋಲು ಹೊಡೆದರು, ತಂಡ 6–2ರಿಂದ ಗೆದ್ದಿತು. ಅವರೇನು ಮುಂಚೂಣಿಯ ಆಟಗಾರರಲ್ಲ, ಮಿಡ್‌ಫೀಲ್ಡಿನವರು! ಪಂಜಾಬಿನ ಜೆಸಿಟಿಗೆ ಹೋಗಿ ವಿಜಯನ್, ಭುಟಿಯಾ ಜೊತೆ ಆಡಿ 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಭಾರತಕ್ಕೆ ನಾಯಕರಾದರು. 2001ರಲ್ಲಿ ಈಸ್ಟ್ ಬೆಂಗಾಲ್‌ಗೆ ನಾಯಕರಾಗಿ ಲೀಗ್ ಗೆಲ್ಲಿಸಿಕೊಟ್ಟು ಬೂಟು ಬಿಚ್ಚಿದರು.

ಚೌಗುಲೆಗಿಂತ ಚಾಪ್‌ಮನ್‌ರಲ್ಲಿ ಸಿರಿ ಹೆಚ್ಚಿತ್ತು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಹೆಚ್ಚಿದ್ದದ್ದು ಆ ಮೂರು ವರ್ಷ.

ಹಾಗಿದ್ದರೆ ಆಯ್ಕೆಯೇ ಬೇಡವೇ? ಬೇಕು, ಆದರೆ ಆಯ್ಕೆ ಮಾಡುವವರ ಕಣ್ಣಿನ ಮೇಲೆ ಇಷ್ಟೊಂದು ನಂಬಿಕೆ ಬೇಡ. ಆಸ್ಟ್ರೇಲಿಯಾದವರು ತಮ್ಮದೇ ಒಂದು ಫುಟ್‌ಬಾಲ್ ಆಡುತ್ತಾರೆ. ಮೊಟ್ಟೆಯಾಕಾರದ ಚೆಂಡು, ಅದೇ ಆಕಾರದ ಮೈದಾನ, ಒಂದೊಂದು ಕಡೆಗೆ ಹದಿನೆಂಟು ಜನ. ಐದಾರು ವರ್ಷದ ಮಕ್ಕಳಿಂದಲೇ ಅವರ ಕಲಿಕೆ ಶುರು. 1986ರಿಂದ ಅಲ್ಲಿ ದೇಶದ ಎಳೆಯರನ್ನೆಲ್ಲ ಜರಡಿ ಹಿಡಿದು, ವರ್ಷಕ್ಕೊಮ್ಮೆ ಕ್ಲಬ್ಬುಗಳು ಸರದಿಯಂತೆ ಒಬ್ಬೊಬ್ಬರ ಹೆಸರು ಕೂಗುತ್ತವೆ. ಇಷ್ಟು ಅಳತೆ, ಇಷ್ಟು ಹಣ, ಇಷ್ಟು ಪಳಗಿದ ಕಣ್ಣುಗಳು ನಮ್ಮ ಯಾವ ಶಿಬಿರದಲ್ಲೂ ಇಲ್ಲ. 1990ರಲ್ಲಿ ಮೊದಲು ಕೂಗಿದ ಹೆಸರು ಸ್ಟೀಫನ್ ಹೂಪರ್. ಅವರ ಆಟ ಇಪ್ಪತ್ತರ ಆಸುಪಾಸಿನ ಪಂದ್ಯಗಳಿಗೆ ಮುಗಿಯಿತು. ಎಪ್ಪತ್ತೆಂಟು ಹುಡುಗರ ಹೆಸರು ಕೂಗಿ ಮುಗಿದ ಮೇಲೆ ಎಸೆಂಡನ್ ಕ್ಲಬ್ಬು ಕ್ಯಾನ್‌ಬೆರಾದ ಜೇಮ್ಸ್ ಹರ್ಡ್ ಎಂಬ ಹುಡುಗನನ್ನು ಕರೆಯಿತು. ಅಜ್ಜ, ಅಪ್ಪ ಇಬ್ಬರೂ ಅದೇ ಕ್ಲಬ್ಬಿಗೆ ಆಡಿದವರು, ಆದರೂ 79ನೆಯ ಸರದಿ. ಆತ 253 ಪಂದ್ಯ ಆಡಿದ, 1996ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಹಂಚಿಕೊಂಡ, 2000ದಲ್ಲಿ ನಾಯಕನಾಗಿ ತಂಡಕ್ಕೆ ಚಾಂಪಿಯನ್ ಪಟ್ಟ ತಂದ. ಎಪ್ಪತ್ತೊಂಬತ್ತನೆಯವನಿಗೂ ಮೊದಲನೆಯವನಿಗೆ ಇರುವ ಅದೇ ಮೈದಾನ, ಅದೇ ಕೋಚು ಸಿಗುತ್ತಿದ್ದುದರಿಂದ ಆಯ್ಕೆ ಮಾಡಿದವರ ತಪ್ಪು ಮುಚ್ಚಿಹೋಯಿತು. ನಮ್ಮಲ್ಲಿ ಪಟ್ಟಿ ಹದಿನೈದಕ್ಕೋ ಇಪ್ಪತ್ತಕ್ಕೋ ನಿಲ್ಲುತ್ತದೆ, ಮುಂದಿನವನಿಗೆ ಮನೆ ದಾರಿ.

ನಮ್ಮ ಅಳತೆಗೋಲಿನದೇ ಇನ್ನೊಂದು ತಮಾಷೆ. ಕೆನಡಾದಲ್ಲಿ 1980ರ ದಶಕದಲ್ಲಿ ಐಸ್ ಹಾಕಿ ಆಟಗಾರರ ಜನ್ಮದಿನ ನೋಡಿದವರಿಗೆ, ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂದು ಕಂಡಿತು. ವಯಸ್ಸಿನ ಗಡಿ ಜನವರಿಗೆ ಇತ್ತು, ಹತ್ತು ತಿಂಗಳು ದೊಡ್ಡವನಾದ ಹುಡುಗ ಪ್ರತಿಭಾವಂತನಾಗಿ ಕಂಡ, ಅಷ್ಟೇ. ಇನ್ನು ನಮ್ಮ ಕಡೆ ಅರ್ಧ ಊರು ಹುಟ್ಟಿದ್ದೇ ಜೂನ್ 1ಕ್ಕೆ! ಶಾಲೆಗೆ ಹೆಸರು ಹಚ್ಚುವ ದಿನ ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು. ಹದಿನಾಲ್ಕರ ಕೆಳಗಿನವರ ಪಂದ್ಯದಲ್ಲಿ ಮೀಸೆ ಮೂಡಿದವನು ಗೆದ್ದು ಬರುತ್ತಾನೆ, ಅವನನ್ನೇ ನಾವು ಮೊಳಕೆ ಎಂದು ಕರೆಯುತ್ತೇವೆ. ಫುಟ್‌ಬಾಲ್, ಕ್ರಿಕೆಟ್ ಮಂಡಳಿಗಳು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಎಲುಬಿನ ವಯಸ್ಸು ನೋಡುತ್ತಿರುವುದು ಇದಕ್ಕೇ.

ದೂಧಗಂಗೆ ನದಿ ದಾಟಿದರೆ ಕೊಲ್ಲಾಪುರ ಸೀಮೆ. ಅಲ್ಲಿ ಕುಸ್ತಿಯ ತಾಲೀಮುಗಳೇ ಫುಟ್‌ಬಾಲ್ ತಂಡ ಕಟ್ಟಿವೆ. ಪೇಟೆಗೊಂದು ತಂಡ, ಶಾಹು ಮೈದಾನದಲ್ಲಿ ಪಂದ್ಯವೆಂದರೆ ಕಾಲಿಡಲು ಜಾಗವಿರುವುದಿಲ್ಲ. 2017ರ ಹದಿನೇಳರ ಕೆಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಅನಿಕೇತ್ ಜಾಧವ್ ಆ ಊರಿನವರು. ಅವರನ್ನೂ ಪುಣೆಯ ಸರ್ಕಾರಿ ಕ್ರೀಡಾ ಪ್ರಬೋಧಿನಿ ಚಿಕ್ಕಂದಿನಲ್ಲೇ ಕರೆದೊಯ್ದು ಸಾಕಿತು. ನದಿಯ ಈಚೆ ನಮ್ಮ ಊರುಗಳಲ್ಲೂ ತಾಲೀಮಿನ ಕಟ್ಟಡಗಳಿವೆ, ಕೆಂಪು ಮಣ್ಣಿದೆ, ಸಂಜೆ ಸುಮ್ಮನೆ ತಿರುಗುವ ಹುಡುಗರಿದ್ದಾರೆ. ಇಲ್ಲದಿರುವುದು ವರ್ಷದ ಹನ್ನೆರಡು ತಿಂಗಳೂ ಬಂದು ನಿಲ್ಲುವ, ಸಂಬಳ ಸಿಗುವ ಒಬ್ಬ ಕೋಚು. ಒಂದು ದಿನದ ಆಯ್ಕೆ ಶಿಬಿರಕ್ಕೆ ಶಾಮಿಯಾನ, ಸನ್ಮಾನ, ಊಟ ಎಂದು ಸುರಿಯುವ ದುಡ್ಡಿನಲ್ಲಿ ಅವನ ಎಷ್ಟು ತಿಂಗಳ ಸಂಬಳ ಹುಟ್ಟುತ್ತದೆ ಎಂದು ಶಿಬಿರ ನಡೆಸುವ ಸಂಘದವರು ಒಮ್ಮೆ ಲೆಕ್ಕ ಹಾಕಲಿ.

ಆಟ ಬಿಟ್ಟ ಚಾಪ್‌ಮನ್ ಮೊದಲು ಹೋದದ್ದು ಜಮ್‌ಶೆಡ್‌ಪುರದ ಅದೇ ಅಕಾಡೆಮಿಗೆ, ಕೋಚ್ ಆಗಿ. ಆಮೇಲೂ ಊರೂರು ತಿರುಗಿ ಕಲಿಸುತ್ತಲೇ ಇದ್ದರು. 2020ರ ಅಕ್ಟೋಬರ್ 12ರಂದು, ನಲವತ್ತೊಂಬತ್ತನೆಯ ವಯಸ್ಸಿಗೇ, ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.