ತೊಂಬತ್ತಾರು ಭಾಗದ ಲೆಕ್ಕ, ಕನ್ನಡದ ಖಾತೆ

ರಾಮಾನುಜರ ನೆನಪು ಹೊತ್ತ ಸಾಲಿಗ್ರಾಮದವರಿಗೆ ಪೂರ್ವಪಕ್ಷ, ಸಿದ್ಧಾಂತ ಎಂಬ ಮಾತುಗಳು ಹೊಸವಲ್ಲ. ಎದುರಾಳಿಯ ವಾದವನ್ನು ಅವನಿಗಿಂತ ಗಟ್ಟಿಯಾಗಿ ಹೇಳಿ, ಆಮೇಲೆ ಉತ್ತರ ಕೊಡಬೇಕು. ಅದೇ ಕ್ರಮದಲ್ಲಿ ಒಂದು ಪ್ರಶ್ನೆ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಕಡೆಯ ಹುಡುಗ ಚಿಕ್ಕಂದಿನಲ್ಲೇ ದೂರದ ಅರಬಿ ಕಾಲೇಜಿನ ಹಾಸ್ಟೆಲ್ ಸೇರಿ ಆಲಿಂ (ಧರ್ಮಪಂಡಿತ) ಆಗಿ ಹೊರಬಂದರೆ, ಈ ಕಾಲದ ಬದುಕಿಗೆ ತಯಾರಾಗಿರುತ್ತಾನೆಯೇ?

ಬುದ್ಧಿ ತಯಾರಾಗಿರುತ್ತದೆ. ಎಷ್ಟೋ ಕಡೆ ಕೈಗೆ ಸಿಗದೇ ಹೋಗುವುದು ಸರ್ಕಾರ ಒಪ್ಪುವ ಸರ್ಟಿಫಿಕೇಟು ಮತ್ತು ಕನ್ನಡ.

ಫರಾಇಜ್, ಅಂದರೆ ಆಸ್ತಿ ಹಂಚಿಕೆಯ ಶಾಸ್ತ್ರ, ಅರಬಿ ಕಾಲೇಜಿನಲ್ಲಿ ಕಡ್ಡಾಯ ಪಾಠ. ಒಬ್ಬ ತೀರಿಕೊಂಡ, ಹೆಂಡತಿ, ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಉಳಿದಿದ್ದಾರೆ. ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಉಳಿದದ್ದರಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೊಂದು. ಹುಡುಗ ಮನೆಯ ಬೆಲೆಯನ್ನು 96 ಭಾಗ ಮಾಡುತ್ತಾನೆ: ಹೆಂಡತಿಗೆ 12, ತಾಯಿಗೆ 16, ಮಗನಿಗೆ 34, ಹೆಣ್ಣುಮಕ್ಕಳಿಗೆ ತಲಾ 17. ಒಂದು ಭಾಗವೂ ಆಚೀಚೆ ಆಗುವುದಿಲ್ಲ. ಇಷ್ಟು ಚುರುಕು ತಲೆಯವನ ಕೈಗೆ ಅದೇ ಮನೆಯ ಇ-ಸ್ವತ್ತು ಖಾತೆ ಕೊಡಿ. ಉರ್ದು, ಅರಬಿಯಲ್ಲೇ ಓದಿದ್ದರೆ ಅದರಲ್ಲಿರುವ ಹೆಸರೂ ಅವನಿಗೆ ಓದಲು ಬಾರದು.

ಹಾಗಾದರೆ ಧರ್ಮದ ಓದಿನ ಜತೆಗೇ ಶಾಲೆಯ ಓದೂ ಬೇಕು ಎಂದರೆ, ಮೊದಲ ಪೂರ್ವಪಕ್ಷ: ಎರಡು ದೋಣಿಯ ಮೇಲೆ ಕಾಲಿಟ್ಟರೆ ದೀನೂ (ಧರ್ಮವೂ) ಇಲ್ಲ, ದುನಿಯಾವೂ (ಲೋಕವೂ) ಇಲ್ಲ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು, ಓದಿನ ಭಾರ ನಿಜಕ್ಕೂ ಹೆಚ್ಚು. ಆದರೆ ಶುದ್ಧ ಧಾರ್ಮಿಕ ಪಠ್ಯ ಎಂಬುದು ಹಿಂದೆಯೂ ಇರಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಲಖನೌದ ಮುಲ್ಲಾ ನಿಜಾಮುದ್ದೀನ್ ರೂಪಿಸಿದ ದರ್ಸೆ ನಿಜಾಮಿ ಪಠ್ಯಕ್ರಮದಲ್ಲಿ ತರ್ಕ, ಗಣಿತ, ಖಗೋಳ ಎಲ್ಲವೂ ಇದ್ದವು. ಬೀದರಿನಲ್ಲಿ 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲಿ ಮಸೀದಿ, ಗ್ರಂಥಾಲಯ, ಪಾಠದ ಕೋಣೆ, ವಿದ್ಯಾರ್ಥಿಗಳ ವಸತಿ ಒಂದೇ ಸೂರಿನಡಿ ಇದ್ದವು. ನಮ್ಮ ಕಾಲದಲ್ಲಿ, ಮಲಪ್ಪುರಂ ಜಿಲ್ಲೆಯ ಚೆಮ್ಮಾಡಿನಲ್ಲಿ 1986ರಲ್ಲಿ ಶುರುವಾದ ದಾರುಲ್ ಹುದಾ ಹನ್ನೆರಡು ವರ್ಷದ ಕೋರ್ಸಿನಲ್ಲಿ ಅರಬಿ, ಇಂಗ್ಲಿಷು, ಉರ್ದುವಿನ ಜತೆಗೇ ಶಾಲೆಯ ವಿಷಯಗಳನ್ನೂ ಕಲಿಸುತ್ತದೆ.

ಎರಡನೆಯದು: ದೀನಿನ ಓದು ಮುಗಿಯಲಿ, ಮಿಕ್ಕಿದ್ದು ಆಮೇಲೆ. 1989ರಲ್ಲಿ ಅಬ್ದುಲ್ ಖದೀರ್ ಕಟ್ಟಿದ ಬೀದರಿನ ಶಾಹೀನ್ ಸಂಸ್ಥೆ ಇದಕ್ಕೆ ಸಾಕ್ಷಿ ಎನ್ನುತ್ತಾರೆ. ಶಾಲೆಯ ಮೆಟ್ಟಿಲೇ ಹತ್ತದ ಹಾಫಿಜರನ್ನು ಅಲ್ಲಿ ಮೊದಲು ಅಕ್ಷರ, ಲೆಕ್ಕದಿಂದ ಎತ್ತಿ, ಎಸ್ಸೆಸ್ಸೆಲ್ಸಿ, ಪಿಯುಸಿ ದಾಟಿಸಿ, ನೀಟ್ ಪರೀಕ್ಷೆಗೆ ಕೂರಿಸುತ್ತಾರೆ. ಎಂಬಿಬಿಎಸ್ ಸೀಟು ಪಡೆದವರೂ ಇದ್ದಾರೆ. ಕುರ್‌ಆನ್ ಬಾಯಿಪಾಠ ಮಾಡಿದ ಶಿಸ್ತು ಜೀವಶಾಸ್ತ್ರಕ್ಕೂ ಒದಗಿತು. ಮೆಚ್ಚುವ ಕೆಲಸವೇ. ಆದರೆ ಇದು ರಿಪೇರಿ. ಬೀದರಿಗೆ ಹೋಗಲಾರದ ಹುಡುಗರ ಗತಿ ಏನು?

ಮೂರನೆಯದು: ಆಲಿಂ, ಫಾಜಿಲ್ ಸನ್ನದು ಸಾಲದೇ? ಸಾಲದು. ಉತ್ತರಪ್ರದೇಶದ ಮದರಸಾ ಕಾಯ್ದೆಯನ್ನು 2024ರ ನವೆಂಬರಿನಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟು, ಕಾಮಿಲ್ ಮತ್ತು ಫಾಜಿಲ್ ಅನ್ನು ಪದವಿಯಾಗಿ ಕೊಡುವ ಅಧಿಕಾರ ಮಾತ್ರ ಆ ರಾಜ್ಯದ ಮದರಸಾ ಮಂಡಳಿಗಿಲ್ಲ, ಅದು ಯುಜಿಸಿ ಕಾಯ್ದೆಗೆ ವಿರುದ್ಧ ಎಂದಿತು. ನಮ್ಮ ಕಡೆಯ ಹುಡುಗನಿಗೆ ದಾರಿ ಇದೆ: ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸಾಗಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಕಟ್ಟಬಹುದು.

ಕೊನೆಯದು ನಿಜಕ್ಕೂ ಕಷ್ಟದ ಆಕ್ಷೇಪ. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾ ಸೇರುವವರು ಸುಮಾರು ಶೇ. 3 ಎಂದು 2006ರ ಸಾಚಾರ್ ವರದಿ ಹೇಳಿತು. ಇಷ್ಟು ಸಣ್ಣ ಸಂಖ್ಯೆಗೆ ಇಷ್ಟು ಮೀಮಾಂಸೆ ಏಕೆ, ಅದರ ಬದಲು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳಿ ಎಂಬುದು ಆ ಆಕ್ಷೇಪ. ಉತ್ತರ ಇದು: ಶುಕ್ರವಾರ ಊರೂರಿನಲ್ಲಿ ಖುತ್ಬಾ (ಪ್ರವಚನ) ಓದುವವರು, ಆಸ್ತಿ ಜಗಳಕ್ಕೆ ಮಾತು ಹೇಳುವವರು ನೂರರಲ್ಲಿ ಈ ಮೂವರಿಂದಲೇ ಬರುತ್ತಾರೆ; ಸಂಖ್ಯೆ ಸಣ್ಣದಾದರೂ ಅವರ ಮಾತಿನ ಹರವು ದೊಡ್ಡದು. ಮಕ್ಕಳು ಮನೆಯಲ್ಲಿರಲಿ ಎಂಬ ಮಾತನ್ನು ಮಾತ್ರ ಒಪ್ಪುತ್ತೇನೆ. 2012ರ ತಿದ್ದುಪಡಿ ಮದರಸಾ, ವೇದ ಪಾಠಶಾಲೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತು, ಹಾಗಾಗಿ ಮದರಸಾ ಸೇರಿದ ಹುಡುಗನ ಶಾಲೆಯ ಓದಿಗೆ ಆ ಕಾನೂನು ಕೈಹಿಡಿಯುವುದಿಲ್ಲ. ಏಳನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿತು, ಸಂಜೆ ಮಸೀದಿಯಲ್ಲಿ ಓದಿ, ಆಮೇಲೆ ಹಾಸ್ಟೆಲಿಗೆ ಹೋಗಲಿ. ಇದರಿಂದ ಹಿಫ್ಜ್, ಅಂದರೆ ಕುರ್‌ಆನ್ ಬಾಯಿಪಾಠ, ತಡವಾಗುತ್ತದೆ. ಎಳೆಯ ನೆನಪಿನಲ್ಲಿ ನಿಂತಷ್ಟು ಆಮೇಲೆ ನಿಲ್ಲುವುದಿಲ್ಲ ಎಂದು ಉಸ್ತಾದರು ಹೇಳುವುದು ಸುಳ್ಳಲ್ಲ. ಆ ನಷ್ಟವನ್ನು ತೂಗಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.